ಬೆಸೆದ ಎಸ್‌ಎಸ್ 304ಕ್ಕೆ ಫಿನಿಶ್ ಕೊಡುವುದು: ಗ್ರೈಂಡಿಂಗಿನಿಂದ ಪ್ಯಾಸಿವೇಶನ್‌ವರೆಗೆ

ಹೊಸ ರೇಲಿಂಗ್ ಹಾಕಿ ತಿಂಗಳಾಗಿರುವುದಿಲ್ಲ, ಬೆಸುಗೆಯ ಸುತ್ತ ಟೀ ಕಲೆಯಂಥ ಕಂದು ಮಚ್ಚೆ ಏಳುತ್ತದೆ. ಗಿರಾಕಿ ‘ಇದು 304 ಅಲ್ಲ, ಡೂಪ್ಲಿಕೇಟ್ ಮಾಲು’ ಎಂದು ಜಗಳಕ್ಕೆ ಬರುತ್ತಾರೆ. 304 ಎಂದರೆ ಸ್ಟೇನ್‌ಲೆಸ್ ಸ್ಟೀಲಿನ (ಎಸ್‌ಎಸ್) ಒಂದು ದರ್ಜೆ; ಮಾಲು ಸಾಚಾ 304 ಆಗಿದ್ದರೂ ಹೀಗಾಗುತ್ತದೆ. ತಪ್ಪು ಫಿನಿಶಿಂಗಿನಲ್ಲಿ ಆಗಿರುತ್ತದೆ. ಈ ಉಕ್ಕಿನಲ್ಲಿರುವ ಸುಮಾರು ಶೇ 18ರಷ್ಟು ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆ. ಬೆಸುಗೆಯ ಶಾಖ, ಕಬ್ಬಿಣದ ಪುಡಿ, ಒರಟು ಗೀರು ಈ ಮೂರೂ ಅದನ್ನು ಕೆಡಿಸುತ್ತವೆ. ಫಿನಿಶಿಂಗಿನ ಪ್ರತಿ ಹಂತದಲ್ಲೂ ಪೊರೆಗೆ ಒಳ್ಳೆಯದಾಗುತ್ತಿದೆಯೇ ಎಂದು ನೋಡಬೇಕು. ಹೊಳಪು ಅದರ ಹಿಂದೆ ಬರುತ್ತದೆ.

ಮಾಲಿನ ಬಗ್ಗೆಯೇ ಅನುಮಾನವಿದ್ದರೆ ಅಯಸ್ಕಾಂತವನ್ನು ನಂಬಬೇಡಿ. ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು ಇರುವ 202 ದರ್ಜೆ ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ; ಸಾಚಾ 304 ಆದರೂ ಬಗ್ಗಿಸಿದ ಮೂಲೆಯಲ್ಲಿ ಸ್ವಲ್ಪ ಅಂಟುತ್ತದೆ. ಗ್ರೇಡ್ ಪರೀಕ್ಷೆಯ ದ್ರಾವಣ ಹಾಕಿ ನೋಡಿ, ಅಥವಾ ಉಕ್ಕು ತಯಾರಿಸಿದವರ ಮಿಲ್ ಸರ್ಟಿಫಿಕೇಟ್ ಕೇಳಿ.

ಮೊದಲು ಸಾಮಾನು ಬೇರೆ ಮಾಡಿ

ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಉಜ್ಜಿದ ಡಿಸ್ಕನ್ನು ಎಸ್‌ಎಸ್ ಮೇಲೆ ಇಟ್ಟರೆ ಕಬ್ಬಿಣದ ಕಣಗಳು ಮೈಯೊಳಗೆ ಕೂತುಬಿಡುತ್ತವೆ. ತೇವ ತಾಗಿದ ಒಂದೆರಡು ದಿನದಲ್ಲಿ ಅವು ತುಕ್ಕು ಹಿಡಿದು ಚುಕ್ಕೆಯಾಗಿ ಕಾಣುತ್ತವೆ. ಡಿಸ್ಕ್, ಫೈಲು, ಬ್ರಷ್, ಬಟ್ಟೆ ಎಲ್ಲವೂ ಎಸ್‌ಎಸ್‌ಗೆ ಪ್ರತ್ಯೇಕವಾಗಿರಲಿ, ಹಿಡಿಗೆ ಬಣ್ಣ ಬಳಿದು ಗುರುತು ಮಾಡಿ. ವೈರ್ ಬ್ರಷ್ ಸ್ಟೇನ್‌ಲೆಸ್ ತಂತಿಯದೇ ಆಗಬೇಕು. ಡಿಸ್ಕ್ ಕೊಳ್ಳುವಾಗ ‘ಐನಾಕ್ಸ್’ ಎಂದು ಮುದ್ರಿಸಿದ್ದನ್ನು ತೆಗೆದುಕೊಳ್ಳಿ. ಪಕ್ಕದ ಟೇಬಲ್ಲಿನಲ್ಲಿ ಎಂಎಸ್ ಕತ್ತರಿಸುತ್ತಿದ್ದರೆ ಅದರ ಕಿಡಿ ಹಾರಿ ಬಂದು ಕೂತರೂ ಇದೇ ಗತಿ. ಆದ್ದರಿಂದ ನಡುವೆ ಒಂದು ಪರದೆಯಾದರೂ ಇರಲಿ.

ಬೆಸುಗೆ ತೆಗೆಯುವುದು

1.5 ಮಿಮೀ ಶೀಟಿನ ಅಡುಗೆಮನೆ ಟೇಬಲ್, ಮೂಲೆಯಲ್ಲಿ ಟಿಗ್ (ಆರ್ಗಾನ್ ಅನಿಲದ) ಬೆಸುಗೆ ಎಂದಿಟ್ಟುಕೊಳ್ಳಿ. 60 ಅಥವಾ 80 ಗ್ರಿಟ್ (ಸಂಖ್ಯೆ ಹೆಚ್ಚಿದಷ್ಟೂ ಕಾಳು ನಯ) ಫ್ಲ್ಯಾಪ್ ಡಿಸ್ಕನ್ನು 10ರಿಂದ 15 ಡಿಗ್ರಿ ಓರೆಯಲ್ಲಿ ಹಿಡಿದು ಬೆಸುಗೆಯ ಉಬ್ಬಿನ ಮೇಲೆ ಮಾತ್ರ ಓಡಿಸಿ. ಉಬ್ಬು ಪೂರ್ತಿ ಮಟ್ಟವಾಗುವ ಮೊದಲೇ ನಿಲ್ಲಿಸಿ, ಉಳಿದ ಕೂದಲೆಳೆಯಷ್ಟನ್ನು 120 ಗ್ರಿಟ್‌ನಲ್ಲಿ ತೆಗೆಯಿರಿ. 80ರಲ್ಲೇ ಮಟ್ಟ ಮಾಡಲು ಹೋದರೆ ಪಕ್ಕದ ಶೀಟಿನಲ್ಲಿ ತಗ್ಗು ಬೀಳುತ್ತದೆ. ಆ ತಗ್ಗು ಕೈಗೆ ಸಿಗುವುದಿಲ್ಲ, ಆದರೆ ಪಾಲಿಶ್ ಆದಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಅಲ್ಲಿ ಬಾಗಿ ಕಾಣುತ್ತದೆ.

ಒತ್ತಿ ಹಿಡಿಯಬೇಡಿ. ಈ ಲೋಹ ಶಾಖವನ್ನು ಎಂಎಸ್‌ನ ಮೂರನೇ ಒಂದು ಭಾಗದಷ್ಟು ಮಾತ್ರ ಹರಿಯಬಿಡುತ್ತದೆ. ಶಾಖ ಒಂದೇ ಕಡೆ ನಿಂತು ತೆಳು ಶೀಟು ಸೊಟ್ಟಗಾಗುತ್ತದೆ, ಮೈ ನೀಲಿಗಟ್ಟುತ್ತದೆ. ಉಜ್ಜುವಾಗಲೇ ನೀಲಿ ಬಂದರೆ ಡಿಸ್ಕ್ ಸವೆದಿದೆ, ಇಲ್ಲವೇ ಕೈ ಭಾರ ಹೆಚ್ಚಾಗಿದೆ. ಸಾಮಾನ್ಯ 4 ಇಂಚಿನ ಗ್ರೈಂಡರ್ 11,000 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗುತ್ತದೆ, ಫಿನಿಶಿಂಗಿಗೆ ಅದು ಅತಿಯಾಯಿತು. ವೇಗ ತಗ್ಗಿಸಬಹುದಾದ ಯಂತ್ರಕ್ಕೆ ಹಣ ಹಾಕುವುದು ನಿಜವಾಗಿ ಲಾಭ.

ನಂತರ 120, 180, 240. ಪ್ರತಿ ಗ್ರಿಟ್‌ನಲ್ಲೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಿ, ಆಗ ಹಳೆಯ ಗೀರು ಉಳಿದಿದ್ದರೆ ಅಡ್ಡಗೆರೆಯಾಗಿ ಎದ್ದು ಕಾಣುತ್ತದೆ. ಕಣ್ಣಿಗೆ ನಂಬಿಕೆ ಬಾರದಿದ್ದರೆ ಮಾರ್ಕರ್ ಪೆನ್ನಿನಿಂದ ಗೀಚಿ ಉಜ್ಜಿ. ಶಾಯಿ ಹಳೆಯ ಗೀರಿನ ತಳದಲ್ಲಿ ಕೂರುತ್ತದೆ. ಶಾಯಿ ಪೂರ್ತಿ ಹೋಗುವ ತನಕ ಮುಂದಿನ ಗ್ರಿಟ್‌ಗೆ ಹೋಗಬೇಡಿ. ಸಮಯ ಉಳಿಸಲು 80ರಿಂದ ಸೀದಾ 240ಕ್ಕೆ ಹಾರಿದವರು ಬಫಿಂಗಿನಲ್ಲಿ ಅದರ ಮೂರರಷ್ಟು ಸಮಯ ಕಳೆಯುತ್ತಾರೆ, ಗೀರು ಮಾತ್ರ ಉಳಿದೇ ಇರುತ್ತದೆ.

ಮ್ಯಾಟ್ ಮತ್ತು ಹೇರ್‌ಲೈನ್

ಹೋಟೆಲ್ ಅಡುಗೆಮನೆಗೆ, ಲಿಫ್ಟ್ ಬಾಗಿಲಿಗೆ, ಹಾಲಿನ ಟ್ಯಾಂಕಿನ ಹೊರಮೈಗೆ ಕನ್ನಡಿಯಂತೆ ಹೊಳೆಯುವ ಮಿರರ್‌ಗಿಂತ ಗೆರೆಯ ಈ ಮಂಕು ಫಿನಿಶೇ ಮೇಲು. ಬೆರಳಚ್ಚು ಕಡಿಮೆ ಕಾಣುತ್ತದೆ, ಗೀರು ಬಿದ್ದರೆ ಅಲ್ಲೇ ಸರಿಮಾಡಬಹುದು. ನಂ. 4 ಎಂಬ ಮ್ಯಾಟ್ ಫಿನಿಶ್‌ನಲ್ಲಿ ಗೆರೆ ಚಿಕ್ಕದು, ಹೇರ್‌ಲೈನ್‌ನಲ್ಲಿ ಉದ್ದಕ್ಕೆ ಕಡಿಯದೆ ಹೋಗುತ್ತದೆ. ಎರಡಕ್ಕೂ ಕೊನೆಯ ಓಟ ಒಂದೇ ದಿಕ್ಕಿನಲ್ಲಿರಬೇಕು. ತುದಿಗೆ ಬಂದಾಗ ಕೈ ಎತ್ತಿ, ಮತ್ತೆ ಮೊದಲಿನಿಂದ ಶುರು ಮಾಡಿ. ಹಿಂದಕ್ಕೆ ಎಳೆದರೆ ತುದಿಯಲ್ಲಿ ಕೊಕ್ಕೆಯಂಥ ಗುರುತು ನಿಲ್ಲುತ್ತದೆ.

ಎರಡು ಶೀಟು 45 ಡಿಗ್ರಿಯಲ್ಲಿ ಸೇರುವ ಮೂಲೆಯಲ್ಲಿ ಕೆಲಸಗಾರನ ಕೈ ಗೊತ್ತಾಗುತ್ತದೆ. ಬೆಸುಗೆಯ ಗೆರೆಗೆ ಸರಿಯಾಗಿ ಒಂದು ಬದಿಗೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಂಟಿಸಿ, ಇನ್ನೊಂದು ಬದಿಯನ್ನು ಅದರ ಗೆರೆಯ ದಿಕ್ಕಿನಲ್ಲೇ ಟೇಪಿನ ಅಂಚಿನವರೆಗೆ ಉಜ್ಜಿ. ಟೇಪ್ ಕಿತ್ತು, ಮುಗಿದ ಬದಿಗೆ ಅಂಟಿಸಿ, ಉಳಿದದ್ದನ್ನು ಉಜ್ಜಿ. ಚಾಕುವಿನಿಂದ ಕೊಯ್ದಂಥ ನೇರ ಅಂಚು ಸಿಗುತ್ತದೆ.

ಆಹಾರ ತಾಗುವ ಮೈಗೆ ಒರಟುತನ ಆರ್‌ಎ (ಸರಾಸರಿ ಒರಟುತನದ ಅಳತೆ) 0.8 ಮೈಕ್ರಾನ್‌ಗಿಂತ ಹೆಚ್ಚಿರಬಾರದು ಎಂಬುದು ಸಾಮಾನ್ಯ ನಿಯಮ. ಗ್ರಿಟ್ ಸಂಖ್ಯೆ ನೋಡಿ ಇದನ್ನು ಊಹಿಸಬೇಡಿ, ಹೊಸ ಬೆಲ್ಟಿಗೂ ಸವೆದ ಬೆಲ್ಟಿಗೂ ಅಳತೆ ಬೇರೆ ಬರುತ್ತದೆ. ಒರಟುತನ ಅಳೆಯುವ ಮೀಟರ್ ಇಟ್ಟೇ ನೋಡಿ.

ಮಿರರ್

240ರ ನಂತರ 320, 400, 600. ಆಮೇಲೆ ನಾರಿನ ಸೈಸಲ್ ಚಕ್ರಕ್ಕೆ ಕತ್ತರಿಸುವ ಬಫಿಂಗ್ ಸೋಪು, ಕೊನೆಗೆ ಹತ್ತಿಬಟ್ಟೆಯ ಚಕ್ರಕ್ಕೆ ಹಸಿರು ಕ್ರೋಮಿಯಂ ಆಕ್ಸೈಡ್ ಅಥವಾ ಬಿಳಿ ಅಲ್ಯೂಮಿನಾ ಸೋಪು. ಒಂದು ಸೋಪಿಗೆ ಒಂದೇ ಚಕ್ರ, ಬೆರೆಸಬೇಡಿ. ವಸ್ತುವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ, ಚೂಪು ಅಂಚು ಚಕ್ರಕ್ಕೆ ಎದುರಾಗಕೂಡದು. ಎದುರಾದರೆ ವಸ್ತುವನ್ನು ಕಿತ್ತು ಎಸೆಯುತ್ತದೆ. ಜೋತಾಡುವ ಅಂಗಿ, ಸಡಿಲ ಕೈಗವಸು ಎರಡೂ ಬೇಡ. ಜಿಡ್ಡು ಉಳಿದರೆ ಸೀಮೆಸುಣ್ಣದ ಪುಡಿ ಉದುರಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬಿಸಿ ಸೋಪುನೀರಲ್ಲಿ ತೊಳೆಯಿರಿ. 321ಕ್ಕೆ ಮಿರರ್ ಒಪ್ಪಿಕೊಳ್ಳಬೇಡಿ. ಅದರೊಳಗಿನ ಟೈಟಾನಿಯಂನ ಗಟ್ಟಿ ಕಣಗಳು ಬಾಲದ ಹಾಗೆ ಗೀರು ಎಳೆಯುತ್ತವೆ.

ಪಿಕ್ಲಿಂಗ್: ಬೆಸುಗೆಯ ಬಣ್ಣ ತೆಗೆಯುವುದು

ಬೆಸುಗೆಯ ಪಕ್ಕದ ಹಳದಿ, ಕಂದು, ನೀಲಿ ಪಟ್ಟಿ ಬರೀ ಬಣ್ಣವಲ್ಲ. ಶಾಖಕ್ಕೆ ದಪ್ಪಗಟ್ಟಿದ ಆಕ್ಸೈಡ್ ಅದು, ಮತ್ತು ಅದರ ಕೆಳಗಿನ ಲೋಹದಲ್ಲಿ ಕ್ರೋಮಿಯಂ ಕಡಿಮೆಯಾಗಿರುತ್ತದೆ. ಎರಡನ್ನೂ ತೆಗೆದರೆ ಮಾತ್ರ ತುಕ್ಕು ನಿಲ್ಲುತ್ತದೆ. ಉಜ್ಜಲು ಕೈ ಹೋಗದ ಕಡೆ, ಪೈಪಿನ ಒಳಗೆ, ಟ್ಯಾಂಕಿನ ಸಂದಿಯಲ್ಲಿ ಪಿಕ್ಲಿಂಗ್ ಪೇಸ್ಟೇ ದಾರಿ.

ಇದರಲ್ಲಿ ನೈಟ್ರಿಕ್ ಆಸಿಡ್ ಜೊತೆ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಎರಡನೆಯದು ಚರ್ಮಕ್ಕೆ ತಾಗಿದರೆ ಮೊದಲಿಗೆ ಉರಿಯದೆಯೂ ಇರಬಹುದು, ಗಂಟೆಗಳ ನಂತರ ಮೂಳೆಯವರೆಗೆ ನೋವು ಹಿಡಿಯುತ್ತದೆ, ರಕ್ತದ ಕ್ಯಾಲ್ಸಿಯಂ ಇಳಿದು ಜೀವಕ್ಕೇ ಅಪಾಯ. ಶೇ 2.5ರ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಲ್ಲಿ ಇಲ್ಲದೆ ಡಬ್ಬದ ಮುಚ್ಚಳ ತೆರೆಯಲೇಬೇಡಿ. ತಾಗಿದರೆ ಕೂಡಲೇ ಧಾರಾಳ ನೀರು, ಜೆಲ್ ಸವರುತ್ತಲೇ ಆಸ್ಪತ್ರೆಗೆ ಹೊರಡುವುದು, ಡಬ್ಬದ ಲೇಬಲ್ ಜೊತೆಗೆ ಒಯ್ಯುವುದು. ದಪ್ಪ ನಿಯೋಪ್ರೀನ್ ಕೈಗವಸು, ಮುಖ ಪೂರ್ತಿ ಮುಚ್ಚುವ ಶೀಲ್ಡ್, ಏಪ್ರನ್ ಬೇಕೇ ಬೇಕು. ಕೆಲಸ ಗಾಳಿಯಾಡುವ ಜಾಗದಲ್ಲಿ.

ಎಣ್ಣೆ, ಮಾರ್ಕರ್ ಗುರುತು ಮೊದಲು ತೊಳೆಯಿರಿ. ಜಿಡ್ಡಿದ್ದಲ್ಲಿ ಆಸಿಡ್ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಕೂದಲಿನ ಬ್ರಷ್‌ನಲ್ಲಿ ಬಣ್ಣದ ಪಟ್ಟಿ ಮುಚ್ಚುವಷ್ಟು ಹಚ್ಚಿ. 304ಕ್ಕೆ ನಮ್ಮ ಹವೆಯಲ್ಲಿ ಸಾಮಾನ್ಯವಾಗಿ 20ರಿಂದ 60 ನಿಮಿಷ. ಡಬ್ಬದ ಮೇಲೆ ಬೇರೆ ಸಮಯವಿದ್ದರೆ ಅದನ್ನೇ ಪಾಲಿಸಿ. ಬಿಸಿಲಲ್ಲಿ ಮಾಡಬೇಡಿ, ಒಣಗಿದ ಪೇಸ್ಟ್ ಕಲೆ ಬಿಡುತ್ತದೆ, ತೊಳೆಯಲೂ ಹಠ ಮಾಡುತ್ತದೆ. ಜೋರು ನೀರಿನಲ್ಲಿ ಪೂರ್ತಿ ತೊಳೆಯಿರಿ. ತೊಳೆದ ನೀರಿಗೆ ಸುಣ್ಣ ಹಾಕಿ ಪಿಎಚ್ 7ರಿಂದ 9ಕ್ಕೆ ತನ್ನಿ, ತಳದ ಗಸಿಯಲ್ಲಿ ಕ್ರೋಮಿಯಂ, ನಿಕಲ್ ಇರುವುದರಿಂದ ಚರಂಡಿಗೆ ಬಿಡದೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಒಪ್ಪಿಸಿ.

ಪೇಸ್ಟ್ ತಾಗಿದ ಜಾಗ ಮಂಕು ಬೂದು ಆಗುತ್ತದೆ. ಹಾಗಾಗಿ ಪಿಕ್ಲಿಂಗ್ ಮೊದಲು, ಮ್ಯಾಟ್ ಅಥವಾ ಬಫಿಂಗ್ ಆಮೇಲೆ.

ಪ್ಯಾಸಿವೇಶನ್ ಮತ್ತು ಪರೀಕ್ಷೆ

ಇದು ಕೊನೆಯ ಹಂತ: ಮೈಮೇಲಿನ ಬಿಡಿ ಕಬ್ಬಿಣ ಕರಗಿಸಿ, ಪೊರೆ ಚೊಕ್ಕವಾಗಿ ಕಟ್ಟಿಕೊಳ್ಳಲು ಬಿಡುವುದು. ಬೆಸುಗೆಯ ಬಣ್ಣ ಇದರಿಂದ ಹೋಗುವುದಿಲ್ಲ. ಪ್ಯಾಸಿವೇಶನ್ನಿನ ಮಾನದಂಡವಾದ ಎಎಸ್‌ಟಿಎಂ ಎ967 ಪ್ರಕಾರ ಶೇ 20–45 ನೈಟ್ರಿಕ್ ಆಸಿಡ್, ಸುಮಾರು 21–32 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ. ಸಣ್ಣ ವರ್ಕ್‌ಶಾಪಿಗೆ ಸಿಟ್ರಿಕ್ ಆಸಿಡ್ ಸಾಕು, ಹೊಗೆಯ ಕಾಟವಿಲ್ಲ: 10 ಲೀಟರ್ ಆರ್‌ಒ ನೀರಿಗೆ 700 ಗ್ರಾಂ, 50–60 ಡಿಗ್ರಿ ಬಿಸಿ, ಕನಿಷ್ಠ 10 ನಿಮಿಷ, 20 ಆದರೆ ಒಳ್ಳೆಯದು. ಕ್ಲೋರೈಡ್ ಇರುವ ಬೋರ್‌ವೆಲ್ ನೀರು ಬಳಸಿದರೆ ತೊಟ್ಟಿಯಲ್ಲೇ ಮೈ ಕಪ್ಪಗಾಗಿ ಕೊರೆದುಹೋಗಬಹುದು. ಗಂಧಕ ಬೆರೆತ 303 ಲೇತ್ ಭಾಗಗಳಿಗೂ ಈ ಅಪಾಯ ಹೆಚ್ಚು. ಅವನ್ನು 304ರ ಜೊತೆ ಒಂದೇ ತೊಟ್ಟಿಗೆ ಹಾಕಬೇಡಿ.

ಪರೀಕ್ಷೆಗೆ 250 ಮಿಲೀ ಡಿಸ್ಟಿಲ್ಡ್ ನೀರಿಗೆ 1 ಮಿಲೀ ಗಾಢ ಸಲ್ಫ್ಯೂರಿಕ್ ಆಸಿಡ್, ಅದರಲ್ಲಿ 4 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್). ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗಲ್ಲ. ಮೈಮೇಲೆ 6 ನಿಮಿಷ ಒದ್ದೆಯಾಗಿಟ್ಟು ತೊಳೆದಾಗ ತಾಮ್ರದ ಕೆಂಪು ಕಂಡರೆ ಕಬ್ಬಿಣ ಇನ್ನೂ ಇದೆ ಎಂದರ್ಥ. ಎರಡು ವಾರ ದಾಟಿದ ದ್ರಾವಣ ಚೆಲ್ಲಿ ಹೊಸದು ಮಾಡಿ. ಆಹಾರ ತಾಗುವ ಮೈಗೆ ಈ ಪರೀಕ್ಷೆ ಬೇಡ. ಅದನ್ನು 24 ಗಂಟೆ ತೇವದಲ್ಲಿಟ್ಟು ತುಕ್ಕಿನ ಚುಕ್ಕೆ ಹುಡುಕಿ.

ಗ್ಲಾಸ್ ಬೀಡ್ ಬ್ಲಾಸ್ಟಿಂಗ್ ಸಣ್ಣ ಭಾಗಗಳಿಗೆ ಸಮನಾದ ಮಂಕು ಮೈ ಕೊಡುತ್ತದೆ. ಬೀಡ್ ಎಂಎಸ್ ಮೇಲೆ ಬಳಸಿದ್ದಾಗಿರಬಾರದು. ಮರಳು ಊದಬೇಡಿ, ಅದರ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ. ಔಷಧಿ ಕಾರ್ಖಾನೆಯ ಪೈಪು, ಕವಾಟಗಳಿಗೆ ಎಲೆಕ್ಟ್ರೋಪಾಲಿಶಿಂಗ್ ಕೇಳುತ್ತಾರೆ. ಫಾಸ್ಫಾರಿಕ್–ಸಲ್ಫ್ಯೂರಿಕ್ ದ್ರಾವಣದಲ್ಲಿ ವಸ್ತುವಿಗೆ ಧನ ವಿದ್ಯುತ್ ಕೊಟ್ಟು ಕೆಲವು ಮೈಕ್ರಾನ್ ಕರಗಿಸುವ ಕೆಲಸವದು. ಆಳ ಗೀರು ಅದರಿಂದ ಅಳಿಯುವುದಿಲ್ಲ, ಇನ್ನಷ್ಟು ಸ್ಪಷ್ಟವಾಗುತ್ತದೆ.

ಸೈಟಿಗೆ ಕಳಿಸುವಾಗ ಮನೆಯವರಿಗೆ ಒಂದು ಮಾತು ಬಿಡಿಸಿ ಹೇಳಿ: ಟೈಲ್ಸ್ ತೊಳೆಯುವ ಆಸಿಡ್ ಹೈಡ್ರೋಕ್ಲೋರಿಕ್. ಅದು ಚೆಲ್ಲಬೇಕೆಂದೇನಿಲ್ಲ, ಅದರ ಆವಿ ಸಾಕು ಗೇಟು ಕಂದಾಗಲು. ಟೈಲ್ಸ್ ಕೆಲಸ ಮುಗಿದ ಮೇಲೇ ರೇಲಿಂಗ್ ಕೂರಿಸಿ. ಮಂಗಳೂರು, ಕಾರವಾರದಂಥ ಕಡಲತಡಿಗೆ ಉಪ್ಪನ್ನು ಹೆಚ್ಚು ತಡೆಯುವ 316 ದರ್ಜೆ ಹಾಕಿ, ಉಪ್ಪು ಮಳೆಗೆ ಇಳಿದುಹೋಗುವಂತೆ ಗೆರೆಗಳನ್ನು ಮೇಲಿಂದ ಕೆಳಕ್ಕೆ ಇಡಿ. ಶೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೂರಿಸಿದ ಕೂಡಲೇ ಕಿತ್ತುಬಿಡಿ. ತಿಂಗಳುಗಟ್ಟಲೆ ಬಿಸಿಲಲ್ಲಿ ಬಿಟ್ಟರೆ ಅದರ ಅಂಟು ಗಟ್ಟಿಯಾಗಿ ಮೈಗೆ ಹತ್ತಿಕೊಳ್ಳುತ್ತದೆ.