ಸಾದಾನೋ, ಪವರ್ರೋ: ನನ್ನ ನೋಟ್‌ಬುಕ್ಕಿನ ಲೆಕ್ಕ

"ಸರ, ಪವರ್ ಹಾಕ್ಲೇನ್ರಿ?"

ಹುಬ್ಬಳ್ಳಿ-ಧಾರವಾಡದಲ್ಲಿ ಕಾರು ಇಟ್ಟುಕೊಂಡವರು ಈ ಮಾತು ಕೇಳಿಯೇ ಇರುತ್ತೀರಿ. ಬಂಕ್ ಯಾವ ಕಂಪನಿಯದೇ ಇರಲಿ, ಎಕ್ಸ್‌ಪಿ 95 ಇರಲಿ, ಸ್ಪೀಡ್ ಇರಲಿ, ನಮ್ಮ ಬಾಯಲ್ಲಿ ಜಾಸ್ತಿ ದರದ ಪ್ರೀಮಿಯಂ ಪೆಟ್ರೋಲ್ ಅಂದರೆ ‘ಪವರ್’. ಉಳಿದದ್ದು ‘ಸಾದಾ’. ಹೆಸರಿನಲ್ಲೇ ಅರ್ಧ ವ್ಯಾಪಾರ ಆಗಿಹೋಗುತ್ತದೆ ನೋಡಿ. ‘ಸಾದಾ ಹಾಕ್ರಿ’ ಅನ್ನುವಾಗ ಗಾಡಿಗೆ ಉಪವಾಸ ಕೆಡವಿದ ಹಾಗೆ ಅನ್ನಿಸುತ್ತದೆ.

ನನ್ನದು 2017ರ ಹ್ಯಾಚ್‌ಬ್ಯಾಕ್. 1.2 ಲೀಟರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ ಗೋಕುಲ ರೋಡ್. ಪಂಪ್‌ಸೆಟ್ಟಿನ ಸ್ಪೇರ್ ಪಾರ್ಟ್ ಮಾರುವ ಕೆಲಸ, ಹಾಗಾಗಿ ವಾರಕ್ಕೊಮ್ಮೆ ಅಣ್ಣಿಗೇರಿ ಮೇಲೆ ಗದಗ, ಹದಿನೈದು ದಿನಕ್ಕೊಮ್ಮೆ ಶಿಗ್ಗಾಂವಿ ದಾಟಿ ಹಾವೇರಿ. ತಿಂಗಳಿಗೆ ಸುಮಾರು 1600 ಕಿ.ಮೀ. ಓಡುತ್ತದೆ.

ಪವರ್ ಹಾಕಿಸಲು ಶುರು ಮಾಡಿದ್ದು 2022ರ ಮಳೆಗಾಲದಲ್ಲಿ. ಅದಕ್ಕೆ ಕಾರಣ ಒಂದು ಸದ್ದು. ಹುಬ್ಬಳ್ಳಿಯಿಂದ ಸಂಜೆ ವಾಪಸ್ ಬರುವಾಗ ನವಲೂರಿನ ಏರಿನಲ್ಲಿ ಎಂಜಿನ್ನಿನಿಂದ ಕಟಕಟ ಅನ್ನುತ್ತಿತ್ತು. ತಗಡಿನ ಡಬ್ಬಿಯಲ್ಲಿ ನಾಲ್ಕು ಹರಳು ಹಾಕಿ ಅಲ್ಲಾಡಿಸಿದ ಹಾಗೆ. ಏರು ಮುಗಿದರೆ ಸದ್ದೂ ಮಾಯ. ಆಫೀಸಿನಲ್ಲಿ ಒಬ್ಬರು ‘ಪವರ್ ಹಾಕ್ಸಿ ನೋಡ್ರಿ’ ಅಂದರು. ಹಾಕಿಸಿದೆ. ನಿಜವಾಗಲೂ ಕಡಿಮೆ ಆಯಿತು. ಅವತ್ತಿನಿಂದ ನಾನು ಪವರ್ ಪಾರ್ಟಿ.

ಮೂರ್ನಾಲ್ಕು ತಿಂಗಳಾದ ಮೇಲೆ ಸರ್ವೀಸಿಗೆ ಬಿಟ್ಟಾಗ ನಮ್ಮ ಮಿಸ್ತ್ರಿ ಕಾಕಾ ಹತ್ತಿರ ಇದನ್ನು ಹೆಮ್ಮೆಯಿಂದ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕೈ ಒರೆಸಿಕೊಂಡು ಪಕ್ಕದ ಸೀಟಿನಲ್ಲಿ ಕೂತು ‘ನಡೀರಿ, ಆ ಏರು ತೋರಸ್ರಿ’ ಅಂದರು. ಹೋದೆವು. ಏರಿನಲ್ಲಿ ಮುಂದೆ ಒಂದು ಲಾರಿ, ವೇಗ ಮೂವತ್ತೈದಕ್ಕೆ ಇಳಿಯಿತು. ನಾನು ನಾಲ್ಕನೇ ಗೇರಿನಲ್ಲೇ ಎಕ್ಸಿಲೇಟರ್ ಒತ್ತಿದೆ.

"ಅಲ್ರೀ ಸರ, ನಾಕನೇ ಗೇರಿನ್ಯಾಗ ಏರು ಹತ್ತಿಸ್ತೀರಿ, ಅದು ಒದರದ ಮತ್ತೇನ್ ಮಾಡಬೇಕ್ರಿ? ಮೂರಕ್ಕ ತಗೋರಿ."

ಮೂರಕ್ಕೆ ತೆಗೆದುಕೊಂಡೆ. ಮುಂದಿನ ವಾರ ಸಾದಾ ಪೆಟ್ರೋಲ್ ತುಂಬಿಸಿ ಅದೇ ಏರು, ಅದೇ ಹೊತ್ತು, ಮೂರನೇ ಗೇರು. ಸದ್ದಿಲ್ಲ. ಇಷ್ಟು ದಿನ ನನ್ನ ಎಡಗೈ ಸೋಮಾರಿತನಕ್ಕೆ ಲೀಟರಿಗೆ ಏಳು ರೂಪಾಯಿ ಜಾಸ್ತಿ ಕೊಡುತ್ತಿದ್ದೆ ಅಂತಾಯ್ತು.

ಆ ಸದ್ದೇ ‘ನಾಕಿಂಗ್’. ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚಿದ ಮೇಲೆ ಬೆಂಕಿ ಒಂದು ಕಡೆಯಿಂದ ಸಾಲಾಗಿ ಹಬ್ಬಬೇಕು. ಒತ್ತಡ, ಬಿಸಿ ಜಾಸ್ತಿಯಾದರೆ ಬೆಂಕಿ ಇನ್ನೂ ಮುಟ್ಟದ ಮೂಲೆಯ ಪೆಟ್ರೋಲ್ ತಾನೇ ಹೊತ್ತಿಕೊಂಡು ಬಡಿಯುತ್ತದೆ. ಕಡಿಮೆ ವೇಗದಲ್ಲಿ ದೊಡ್ಡ ಗೇರು ಹಾಕಿ ಎಂಜಿನ್ನನ್ನು ಎಳೆದಾಡಿದರೆ ಆಗುವುದೂ ಇದೇ. ಆಕ್ಟೇನ್ ನಂಬರ್ ಅಂದರೆ ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿ, ಅಷ್ಟೇ. ಗಾಡಿಯ ಶಕ್ತಿ ಅಲ್ಲ. ಆಗ ಸಾದಾದ ಆಕ್ಟೇನ್ 91, ಪವರ್‌ನದು 95. 91ರ ಲೀಟರಿಗಿಂತ 95ರ ಲೀಟರಿನಲ್ಲಿ ಜಾಸ್ತಿ ಕಸುವು ಇರುತ್ತದೆ ಅಂತ ನಾನೂ ನಂಬಿದ್ದೆ. ಹಾಗೇನಿಲ್ಲ. ಗಾಡಿಯ ಮ್ಯಾನ್ಯುಯಲ್ ಐದು ವರ್ಷದಿಂದ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿತ್ತು. ಆವತ್ತು ಮೊದಲ ಸಲ ತೆಗೆದು ನೋಡಿದೆ: 91 ಅಥವಾ ಅದಕ್ಕಿಂತ ಜಾಸ್ತಿ. ಅಂದರೆ 91 ಸಾಕು.

ಆದರೂ ಮನಸ್ಸು ಒಪ್ಪಲಿಲ್ಲ. ಮೈಲೇಜ್ ಆದರೂ ಜಾಸ್ತಿ ಬರುತ್ತದಲ್ಲ ಅಂತ ಒಳಗೆ ಒಂದು ಆಸೆ. ಹಾಗಾದರೆ ಅಳೆದೇ ಬಿಡೋಣ ಅಂತ ನೂರು ಪುಟದ ಒಂದು ನೋಟ್‌ಬುಕ್ ಗಾಡಿಯಲ್ಲಿ ಇಟ್ಟೆ.

ಅಳೆಯುವುದಕ್ಕೆ ಸುಲಭದ ದಾರಿ ಟ್ಯಾಂಕಿನಿಂದ ಟ್ಯಾಂಕಿಗೆ. ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡುವುದು. ಮುಂದಿನ ಸಲ ಮತ್ತೆ ಫುಲ್. ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸುವುದು. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ನಾನು ನಂಬುವುದಿಲ್ಲ, ನನ್ನ ಗಾಡಿಯದು ಸದಾ ಒಂದು ಕಿಲೋಮೀಟರ್ ಜಾಸ್ತಿಯೇ ಹೇಳುತ್ತದೆ. ಒಂದೇ ಬಂಕ್, ಒಂದೇ ಮಷೀನ್. ನಾಜಲ್ ತಾನಾಗಿ ಒಮ್ಮೆ ಟಕ್ ಅಂತ ನಿಂತರೆ ಅಲ್ಲಿಗೆ ಮುಗೀತು. ಇದನ್ನು ಹುಡುಗರಿಗೆ ಒಪ್ಪಿಸುವುದೇ ದೊಡ್ಡ ಕೆಲಸ. ‘ರೌಂಡ್ ಫಿಗರ್ ಮಾಡ್ತೀನ್ರಿ’ ಅಂತ ಮತ್ತೆ ಎರಡು ಸಲ ಒತ್ತಿಬಿಡುತ್ತಾರೆ. ಅಲ್ಲಿಗೆ ಆ ಟ್ಯಾಂಕಿನ ಲೆಕ್ಕ ಕೆಟ್ಟಿತು.

ಆರು ಟ್ಯಾಂಕ್ ಸಾದಾ: 16.4, 16.9, 15.8, 17.1, 16.6, 16.2. ಸರಾಸರಿ 16.5.

ಆರು ಟ್ಯಾಂಕ್ ಪವರ್: 16.8, 16.1, 17.2, 16.5, 16.9, 16.3. ಸರಾಸರಿ 16.6ರ ಮೇಲೆ ಚೂರು.

ಆಗ ಸಾದಾ ಲೀಟರಿಗೆ ನೂರೆರಡರ ಆಸುಪಾಸು ಇತ್ತು, ಪವರ್ ಏಳು ರೂಪಾಯಿ ಮೇಲೆ. ಆ ಏಳು ರೂಪಾಯಿ ದುಡಿಯಬೇಕಾದರೆ ಮೈಲೇಜ್ 17.6 ಆದರೂ ಬರಬೇಕಿತ್ತು. ಬಂದದ್ದು ನೂರಿನ್ನೂರು ಮೀಟರ್. ಅದನ್ನೂ ಪೆಟ್ರೋಲಿನ ಹೆಸರಿಗೆ ಬರೆಯಲು ಧೈರ್ಯ ಸಾಲದು, ಯಾಕಂದರೆ ಸಾದಾದಲ್ಲೇ 15.8ರಿಂದ 17.1ರ ತನಕ ಓಲಾಡಿದೆ. ಆ 15.8ರ ಟ್ಯಾಂಕಿನ ಮುಂದೆ ನನ್ನದೇ ಅಕ್ಷರದಲ್ಲಿ ಒಂದು ಸಾಲು ಇದೆ: ‘ಚೆನ್ನಮ್ಮ ಸರ್ಕಲ್ ಫ್ಲೈಓವರ್ ಕೆಲಸ, ರೋಜು ಅರ್ಧ ತಾಸು. ಮುಂದಿನ ಟೈರ್ ಗಾಳಿ 26’. ಇರಬೇಕಾದದ್ದು 33. ಗಾಳಿ ತುಂಬಿಸಿದೆ, ಆ ವಾರ ಗದಗ ಓಡಾಟವೂ ಎರಡು ಸಲ ಆಯಿತು, 17.1 ಬಂತು. ಗಾಳಿಗೆ ಬಂಕ್‌ನವರು ದುಡ್ಡು ಕೇಳುವುದಿಲ್ಲ, ಅದಕ್ಕೇ ಇರಬೇಕು ಯಾರೂ ‘ಗಾಳಿ ಹಾಕ್ಲೇನ್ರಿ’ ಅನ್ನುವುದಿಲ್ಲ.

ನನ್ನ ಓಡಾಟಕ್ಕೆ ತಿಂಗಳಿಗೆ ಹತ್ತಿರಹತ್ತಿರ 97 ಲೀಟರ್. ಏಳು ರೂಪಾಯಿ ಲೆಕ್ಕ ಹಿಡಿದರೆ 680. ವರ್ಷಕ್ಕೆ ಎಂಟು ಸಾವಿರ ದಾಟುತ್ತದೆ. ಅದರಲ್ಲಿ ಎರಡು ಹೊಸ ಟೈರ್ ಬರುತ್ತವೆ.

ಪ್ರೀಮಿಯಂನಲ್ಲಿ ಎಂಜಿನ್ ಸ್ವಚ್ಛ ಮಾಡುವ ಔಷಧ ಹಾಕಿರುತ್ತಾರೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ಒಳ್ಳೆಯದು ಅನ್ನುತ್ತಾರೆ. ಅಂಥದ್ದು ಬೆರೆಸಿರುವುದು ನಿಜ. ಆದರೆ ಮಿಸ್ತ್ರಿ ಕಾಕಾ ನನ್ನ ಪ್ಲಗ್ ಬಿಚ್ಚಿ ತೋರಿಸಿದರು. ತುದಿ ಇಟ್ಟಂಗಿ ಬಣ್ಣಕ್ಕೆ ಬಂದಿತ್ತು, ಮಸಿ ಇರಲಿಲ್ಲ. "ನಿಮ್ಮ ಗಾಡಿಗೆ ಹೋಳಿಗಿ ಹಾಕಿದ್ರೂ ಅಷ್ಟ, ರೊಟ್ಟಿ ಹಾಕಿದ್ರೂ ಅಷ್ಟ. ಟೈಮಿಗೆ ಎಣ್ಣಿ ಬದ್ಲಿ ಮಾಡ್ರಿ ಸಾಕು."

ಹಾಗಂತ ಎಲ್ಲಾ ಗಾಡಿಗೂ ಇದೇ ಲೆಕ್ಕ ಅಲ್ಲ. ಕಾಕಾನ ಮಗನ ಹತ್ತಿರ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಇದೆ. ಅವನ ಮುಂದೆ ನೋಟ್‌ಬುಕ್ ಬಿಚ್ಚಿದರೆ ‘ಅಣ್ಣಾ, ನಿನ್ನ ಡಬ್ಬಾ ಗಾಡಿ ಲೆಕ್ಕ ನನ್ನದಕ್ಕ ಹಚ್ಚಬ್ಯಾಡ’ ಅಂದ. ಸಿಟ್ಟು ಬಂತು, ಆದರೆ ಹುಡುಗ ಹೇಳಿದ್ದು ಸರಿ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತದೆ, ನಾಕಿಂಗ್ ಬೇಗ ಶುರುವಾಗುತ್ತದೆ. ಆಗ ಸೆನ್ಸರ್ ಅದನ್ನು ಗ್ರಹಿಸುತ್ತದೆ, ಎಂಜಿನ್ನಿನ ಕಂಪ್ಯೂಟರ್ ಕಿಡಿಯನ್ನು ತಡ ಮಾಡುತ್ತದೆ. ಸದ್ದು ಕೇಳುವುದಿಲ್ಲ, ಆದರೆ ಎಳೆತ ಕಡಿಮೆಯಾಗುತ್ತದೆ. ಜಾಸ್ತಿ ಆಕ್ಟೇನ್ ಇದ್ದರೆ ಅಷ್ಟು ತಡ ಮಾಡುವ ಪ್ರಸಂಗ ಬರುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಐದು ಜನ ಕೂತು, ಎಸಿ ಹಾಕಿ ಗದಗಿಗೆ ಅವನ ಗಾಡಿ ನಾನೇ ಒಂದೆರಡು ಸಲ ಓಡಿಸಿಕೊಂಡು ಹೋದೆ. ಓವರ್‌ಟೇಕ್ ಮಾಡುವಾಗ 95 ಹಾಕಿದ್ದ ಸಲ ಎಳೆತ ಚೆನ್ನಾಗಿ ಅನ್ನಿಸಿದ್ದು ಸುಳ್ಳಲ್ಲ. ಮೈಲೇಜ್ ಅವನು ಬರೆದಿಡುವುದಿಲ್ಲ, ಹಾಗಾಗಿ ಆ ಮಾತು ಬಿಡಿ.

ಒಂದು ಕಹಿ ಅನುಭವವನ್ನೂ ಹೇಳಬೇಕು. ಹೈವೇ ಪಕ್ಕದ ಒಂದು ಬಂಕ್‌ನಲ್ಲಿ ‘ಸಾದಾ ಖಾಲಿ ಐತ್ರಿ, ಪವರ್ ಅಷ್ಟ ಐತಿ’ ಅಂದರು. ಮುಳ್ಳು ಕೆಳಗೆ ಬಿದ್ದಿತ್ತು, ಹಾಕಿಸಿದೆ. ಬಿಲ್ ತೆಗೆದುಕೊಳ್ಳುವಾಗ ನೋಡುತ್ತೇನೆ, ಆಚೆ ಮಷೀನಿನಲ್ಲಿ ಒಬ್ಬರ ಬೈಕಿಗೆ ಸಾದಾ ಬೀಳುತ್ತಿದೆ! ಕೇಳಿದರೆ ‘ಅದು ಬೈಕಿಗೆ ಅಷ್ಟರೀ’. ಈಗ ನಾನು ಗಾಡಿಯಿಂದ ಇಳಿದು, ಮಷೀನಿನ ಮೇಲೆ ದರ ನೋಡಿ, ಆಮೇಲೆ ಮುಚ್ಚಳ ತೆಗೆಸುತ್ತೇನೆ. ಅಳತೆ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಮಾಪು ಬಂಕ್‌ನಲ್ಲೇ ಇರುತ್ತದೆ, ತರಿಸಿ ಅಳೆಸಬಹುದು. ನಾನು ಒಮ್ಮೆ ಅಳೆಸಿದ್ದೇನೆ, ಸರಿಯಾಗಿತ್ತು, ಹಿಂದಿನ ಕಾರಿನವರು ಬೈದರು.

ಈಗ ಲೆಕ್ಕ ಮತ್ತೊಂದು ಸಲ ಬದಲಾಗಿದೆ. ಸಾದಾ ಪೆಟ್ರೋಲಿನಲ್ಲೇ 20 ಪರ್ಸೆಂಟ್ ಎಥೆನಾಲ್ ಅನ್ನುವ ಮದ್ಯಸಾರ ಬಂದಿದೆ. ಕಬ್ಬಿನಿಂದಲೂ ಮಾಡುತ್ತಾರೆ, ನಮ್ಮ ಹಾವೇರಿ ಕಡೆ ಹೊಲದ ತುಂಬ ನಿಲ್ಲುವ ಗೋವಿನಜೋಳದಿಂದಲೂ ಮಾಡುತ್ತಾರೆ. ಎಥೆನಾಲಿನ ಆಕ್ಟೇನ್ ತುಂಬ ಜಾಸ್ತಿ, ಹಾಗಾಗಿ ಸರಕಾರದ ಲೆಕ್ಕದಲ್ಲಿ ಸಾದಾ ಪೆಟ್ರೋಲೇ 91ರಿಂದ 95ಕ್ಕೆ ಏರಿದೆ. ಹಾಗಾದರೆ ಪವರ್ 95ಕ್ಕೆ ಜಾಸ್ತಿ ಕೊಡುವುದು ಯಾವ ಖುಷಿಗೆ? ಆ ಸ್ವಚ್ಛ ಮಾಡುವ ಔಷಧಕ್ಕೆ, ಅಷ್ಟೇ ಉಳಿಯಿತು. ಕಾಕಾನ ಮಗನೂ ಈಗ ಯೋಚನೆಯಲ್ಲಿದ್ದಾನೆ.

ಆದರೆ ಎಥೆನಾಲಿನಲ್ಲಿ ಲೀಟರಿಗೆ ಕಸುವು ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ. ನನ್ನ ನೋಟ್‌ಬುಕ್ಕಿನಲ್ಲಿ 2025ರ ಕೊನೆಯ ಐದು ಟ್ಯಾಂಕಿನ ಸರಾಸರಿ 15.9. ಇದಕ್ಕೆ ಪವರ್ ಹಾಕಿಸಿದರೂ ಪರಿಹಾರ ಇಲ್ಲ. 100 ಆಕ್ಟೇನಿನದು ಲೀಟರಿಗೆ ನೂರೈವತ್ತರ ಮೇಲೆ, ಅದರ ಹತ್ತಿರ ನಾನು ಸುಳಿಯುವುದಿಲ್ಲ.

ನನ್ನ ಗಾಡಿ 20 ಪರ್ಸೆಂಟಿಗೆ ಅಂತ ಮಾಡಿದ್ದಲ್ಲ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರು ಬೇಗ ಸವೆಯಬಹುದು ಅಂತ ಮಿಸ್ತ್ರಿ ಕಾಕಾ ಪ್ರತಿ ಸರ್ವೀಸಿಗೂ ಟಾರ್ಚ್ ಹಿಡಿದು ಟ್ಯಾಂಕಿನ ಕೆಳಗೆ ಮೂಸಿ ನೋಡುತ್ತಾರೆ. ಹೋದ ಸಲ ಒಂದು ಪೈಪಿನ ತುದಿ ಚೂರು ಬಿರುಕು ಬಿಟ್ಟಿತ್ತು. ಬದಲಿಸಿದರು. ಅದು ಎಥೆನಾಲಿನಿಂದಲೋ, ಎಂಟು ವರ್ಷದ ಬಿಸಿಲಿನಿಂದಲೋ ಅಂತ ಕೇಳಿದ್ದಕ್ಕೆ ‘ಪೈಪಿನ್ನ ಕೇಳ್ರಿ’ ಅಂದರು.