ವಿಳಾಸದ ಮೇಲಿನ ಬೈಟ್‌ನಲ್ಲಿ ಅಡಗಿದ್ದ ಫ್ಲ್ಯಾಗ್

ಐಬಿಎಂ ಮೇನ್‌ಫ್ರೇಮ್‌ನಲ್ಲಿ ದಿನವೂ ರಾತ್ರಿ ಓಡುವ ಹಳೇ ಅಸೆಂಬ್ಲರ್ ಪ್ರೋಗ್ರಾಂ ಅದು. ಮೆಮೊರಿ ವಿಳಾಸಕ್ಕೆ 31 ಬಿಟ್ ಬಳಸುವ ಮೋಡ್‌ಗೆ ಬದಲಾಯಿಸಿ ಮತ್ತೆ ಲಿಂಕ್ ಮಾಡಿದೆವು. ಮೊದಲ ರನ್‌ನಲ್ಲೇ ಎಸ್ 0ಸಿ4 (ಮುಟ್ಟಬಾರದ ಮೆಮೊರಿ ಮುಟ್ಟಿದ ದೋಷ) ಕೊಟ್ಟು ಬಿದ್ದುಹೋಯಿತು.

ನಾನು ಕಳಿಸಿದ ಪ್ಯಾರಾಮೀಟರೇ ತಪ್ಪಿರಬೇಕು ಅಂದುಕೊಂಡು ಅರ್ಧ ದಿನ ಸುಮ್ನೆ ಹಾಳಾಯಿತು. ಆಮೇಲೆ ಡಂಪ್‌ನಲ್ಲಿ (ಬಿದ್ದ ಕ್ಷಣದ ಮೆಮೊರಿಯ ನಕಲು) ರಿಜಿಸ್ಟರ್ 5 ನೋಡಿದೆ. ಕೆಳಗಿನ ಮೂರು ಬೈಟ್ ಸರಿಯಾದ ವಿಳಾಸವೇ. ಮೇಲಿನ ಬೈಟ್‌ನಲ್ಲಿ ಮಾತ್ರ 40!

1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360ರಲ್ಲಿ ವಿಳಾಸಕ್ಕೆ 24 ಬಿಟ್ ಮಾತ್ರ. ಮೇಲಿನ ಬೈಟನ್ನು ಯಂತ್ರ ನೋಡುತ್ತಲೇ ಇರಲಿಲ್ಲ. ಖಾಲಿ ಜಾಗ ಯಾಕೆ ಬಿಡಬೇಕು ಅಂತ ಈ ಪ್ರೋಗ್ರಾಂ ಬರೆದವರು ಅಲ್ಲಿ ಫ್ಲ್ಯಾಗ್ (ಹೌದು/ಇಲ್ಲ ಅನ್ನುವ ಗುರುತು) ಇಟ್ಟಿದ್ದಾರೆ. ಮೆಮೊರಿ ಕಡಿಮೆ ಇದ್ದ ಕಾಲ, ಜಾಣತನವೇ ಅಲ್ವಾ? 31 ಬಿಟ್ ಮೋಡ್‌ನಲ್ಲಿ ಆ ಫ್ಲ್ಯಾಗೂ ವಿಳಾಸದ ಭಾಗವಾಗಿಬಿಡುತ್ತದೆ.

ವಿಳಾಸ ಲೋಡ್ ಆಗುವ ಮೂರು ಕಡೆ ನಾಲ್ಕೂ ಬೈಟ್ ತರುವ 'ಎಲ್' ಸೂಚನೆ ತೆಗೆದೆ. 'ಎಸ್‌ಆರ್'ನಿಂದ ರಿಜಿಸ್ಟರ್ ಸೊನ್ನೆ ಮಾಡಿ, 'ಐಸಿಎಂ' ಮಾಸ್ಕ್ 7 ಕೊಟ್ಟು ಕೆಳಗಿನ ಮೂರು ಬೈಟ್ ಮಾತ್ರ ತಂದೆ. ಫ್ಲ್ಯಾಗ್ ಬೈಟ್ ಬಿಟ್ಟು ಮುಂದಿನಿಂದ ಓದಬೇಕಲ್ಲ, ಅದಕ್ಕೆ ಫೀಲ್ಡ್ ಹೆಸರಿಗೆ +1 ಸೇರಿಸಲು ಮರೆಯಬೇಡಿ, ನಾನು ಮರೆತಿದ್ದೆ.

ಇದರಿಂದ ಕೋಡ್ 6 ಬೈಟ್ ಬೆಳೆಯಿತು. ಅಷ್ಟಕ್ಕೇ ಕೊನೆಯ ಕಾನ್‌ಸ್ಟಂಟ್ ಒಂದು ಬೇಸ್ ರಿಜಿಸ್ಟರ್‌ನಿಂದ ತಲುಪಬಹುದಾದ 4096 ಬೈಟ್ ದಾಟಿ ಅಸೆಂಬ್ಲರ್ ಎರರ್! ಯಾರೂ ಬಳಸದ ಒಂದು ಮೆಸೇಜ್ ಅಳಿಸಿದೆ, ಜಾಗ ಸಿಕ್ಕಿತು. ಅವತ್ತು ರಾತ್ರಿ ಜಾಬ್ ಸೊನ್ನೆ ರಿಟರ್ನ್ ಕೋಡ್‌ನೊಂದಿಗೆ, ಅಂದರೆ ದೋಷವಿಲ್ಲದೆ ಮುಗಿಯಿತು.