ಮಡಿವಾಳ ಹಕ್ಕಿಗೆ ಪೆಟ್ಟಿಗೆ ಕಟ್ಟುವ ಮೊದಲು

ತೋಟದ ಅಂಚಿನಲ್ಲಿ ತೆಂಗಿನ ಮರ ಒಣಗಿ ನಿಂತಿದ್ದರೆ, ಮನೆಯ ಮೇಲೋ ದಾರಿಗೋ ಬೀಳುವ ಹಾಗಿಲ್ಲದಿದ್ದರೆ, ದಯವಿಟ್ಟು ಕಡಿಯಬೇಡಿ. ಮರಕುಟಿಗ ಅದರಲ್ಲಿ ತೂತು ಕೊರೆದು ಮರಿ ಮಾಡಿ ಹೋಗುತ್ತದೆ. ಆಮೇಲೆ ಅದೇ ಪೊಟರೆಗೆ ಮಡಿವಾಳವೋ ಗೊರವಂಕವೋ ಹಾಲಕ್ಕಿಯೋ ಬಂದು ಸೇರುತ್ತದೆ. ಇವಕ್ಕೆ ಸ್ವಂತ ಕೊರೆಯಲು ಬರುವುದಿಲ್ಲ. ನಮ್ಮ ಶಿರಸಿ ಕಡೆ ತೋಟ ಚೊಕ್ಕ ಮಾಡುವ ಭರದಲ್ಲಿ ಟೊಳ್ಳು ಮರಗಳನ್ನೆಲ್ಲ ಬಚ್ಚಲೊಲೆಗೆ ಹಾಕಿಬಿಟ್ಟೆವು. ಅದಕ್ಕೇ ಈಗ ಪೆಟ್ಟಿಗೆ ಕಟ್ಟಿ ಕರೆಯಬೇಕಾಗಿದೆ.

ಮನೆಯಲ್ಲಿ ಬಿದ್ದಿರುವ ಹಳೆ ಹಲಸಿನ ಹಲಗೆ ಸಾಕು. ತಳ 6 ಇಂಚು ಚೌಕ, ಎತ್ತರ 10 ಇಂಚು. ಬಾಯಿ 2 ಇಂಚು, ತಳದಿಂದ 6 ಇಂಚು ಮೇಲೆ. ಇದು ಮಡಿವಾಳದ ಅಳತೆ, ಗೊರವಂಕಕ್ಕೆ ಬಾಯಿ ಇನ್ನೂ ಅರ್ಧ ಇಂಚು ದೊಡ್ಡದಿರಲಿ. ಒಳಮೈಯನ್ನು ನುಣುಪು ಮಾಡಬೇಡಿ. ಮರಿ ಹೊರಗೆ ಬರುವ ದಿನ ಉಗುರು ಊರಿ ಹತ್ತಲು ಆ ಗರಗಸದ ಗೀರುಗಳೇ ಬೇಕು. ಬಾಯಿಯ ಕೆಳಗೆ ಕೂರಲು ಕೋಲು ಸಿಕ್ಕಿಸುವವರಿದ್ದಾರೆ. ಅದು ಹಕ್ಕಿಗೆ ಬೇಡ, ಮರಿ ಕದಿಯಲು ಬರುವ ಕಾಗೆಗೆ, ಕೆಂಬೂತಕ್ಕೆ ಅನುಕೂಲ. ತಳದ ಮೂಲೆಗಳಲ್ಲಿ ನೀರು ಬಸಿಯಲು ಸಣ್ಣ ತೂತು ಇಡಿ. ಬಣ್ಣ ಬೇಡ.

ತಗಡಿನ ಡಬ್ಬಿ ಮಾತ್ರ ಯಾರೂ ಕಟ್ಟಬೇಡಿ. ಮೊದಲ ವರ್ಷ ನಾನು ಎಣ್ಣೆ ಡಬ್ಬಿಗೆ ತೂತು ಮಾಡಿ ಮಾವಿನ ಮರಕ್ಕೆ ಕಟ್ಟಿದ್ದೆ. ಏಪ್ರಿಲ್ ಬಿಸಿಲಿಗೆ ಅದು ಕಾದು ಮೂರು ಮರಿಗಳು ಒಳಗೇ ಸತ್ತವು. ತಾಯಿ ಹಕ್ಕಿ ಸಂಜೆಯವರೆಗೂ ಕೊಕ್ಕಿನಲ್ಲಿ ಹುಳ ಹಿಡಿದು ಬೇಲಿಯ ಮೇಲೆ ಕೂತಿತ್ತು. ಆ ಸಂಕಟ ಇನ್ನೂ ಹೋಗಿಲ್ಲ.

ಕಟ್ಟುವ ಜಾಗ ಅಡಿಕೆ ಸಾಲಿನ ನಡುವೆ ಬೇಡ. ಮಡಿವಾಳ ಮರಿ ಮಾಡುವುದು ಮಾರ್ಚ್‌ನಿಂದ ಜುಲೈವರೆಗೆ. ಕೊನೆಗೌಡ (ಅಡಿಕೆ ಮರ ಏರುವ ಆಳು) ಮರ ಏರಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವುದೂ ಮಳೆ ಹಿಡಿಯುವ ಹೊತ್ತಿಗೇ. ಮೈಲುತುತ್ತದ ನೀರು ಗೂಡಿಗೆ ಇಳಿಯಬಾರದು. ತೋಟದ ಅಂಚಿನ ಹಲಸೋ ಮಾವೋ ಒಳ್ಳೆಯದು, ಆಳಿನ ಎರಡರಷ್ಟು ಎತ್ತರದಲ್ಲಿ. ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡಿರುವ ಮರ ಬೇಡವೇ ಬೇಡ. ನಮ್ಮ ಮಳೆ ನೈಋತ್ಯದಿಂದ ಬಡಿಯುವುದರಿಂದ ಬಾಯಿ ಪೂರ್ವಕ್ಕೋ ಈಶಾನ್ಯಕ್ಕೋ ಇರಲಿ, ಪೆಟ್ಟಿಗೆಯ ಮಾಡು ಮೂರು ಇಂಚು ಮುಂದೆ ಚಾಚಿರಲಿ. ಮೊಳೆ ಹೊಡೆಯದೆ ಹಗ್ಗದಲ್ಲಿ ಕಟ್ಟಿ, ವರ್ಷಕ್ಕೊಮ್ಮೆ ಸಡಿಲಿಸಿ. ಮಡಿವಾಳದ ಜೋಡಿ ತನ್ನ ಗಡಿಯೊಳಗೆ ಇನ್ನೊಂದು ಜೋಡಿಯನ್ನು ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದೇ ಕಡೆ ನಾಲ್ಕು ಪೆಟ್ಟಿಗೆ ತೂಗಿಸಿ ಪ್ರಯೋಜನವಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಕಟ್ಟಿ ಮುಗಿಸಿ ಮರೆತುಬಿಡಿ. ನನ್ನ ಮೊಮ್ಮಗನಿಗೆ ದಿನಾ ಏಣಿ ಇಟ್ಟು ಇಣುಕುವ ಆಸೆ. "ತಮಾ, ನೀ ಅಲ್ಲಿ ನಿಂತ್ರೆ ಅದು ಒಳಗೆ ಹೋಗ್ತಿಲ್ಲೆ" ಅಂತ ಜಗುಲಿಯಲ್ಲಿ ಕೂರಿಸಿಕೊಂಡೆ. ಅಲ್ಲಿಂದಲೇ ಎಣಿಸಿದ, ನಾನು ಒಂದು ಎಲೆಅಡಿಕೆ ಕವಳ ಹಾಕಿ ಮುಗಿಸುವುದರೊಳಗೆ ಹಕ್ಕಿ ಆರು ಸಲ ಹುಳ ತಂದಿತ್ತು. ಮಿಡತೆ, ಕಂಬಳಿಹುಳ, ಎಲ್ಲ ನಮ್ಮ ತೋಟದ್ದೇ.

ದೀಪಾವಳಿ ಕಳೆದ ಮೇಲೆ ಪೆಟ್ಟಿಗೆ ಇಳಿಸಿ ಹಳೆ ಗೂಡು ತೆಗೆದು ಎರಡು ದಿನ ಬಿಸಿಲಿಗಿಡಿ. ಒಳಗೆ ತುಡುವೆ ಜೇನು ಕೂತಿದ್ದರೆ ಎಬ್ಬಿಸಬೇಡಿ. ಹಕ್ಕಿಗೆ ಇನ್ನೊಂದು ಪೆಟ್ಟಿಗೆ ಮಾಡಿ.